ಎಡಕ್ಕೆ ಎಳೆಯುವ ಗಾಡಿ

ಮೊಸೆಸಿ ನನ್ನ ಗಂಡನ ಚಿಕ್ಕಪ್ಪನ ಮಗ. ನಮ್ಮೂರ ಸಹಕಾರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ರಿಪೇರಿ ಮಾಡುತ್ತಾನೆ. ಅದೇ ಶೆಡ್ಡಿನ ಬೆಚ್ಚಗಿನ ಮೂಲೆಯಲ್ಲಿ ಬಿಡಿಭಾಗಗಳ ಕೌಂಟರು ಹಾಕಿಕೊಂಡು ನಾನು ಕೂರುತ್ತೇನೆ. ಅವನು ಮಾತಾಡುವುದು ಕಡಿಮೆ. ಅವನು ಉಳಿಸಿದ್ದನ್ನೆಲ್ಲ ನಾನು ಆಡಿ ಮುಗಿಸುತ್ತೇನೆ, ಲೆಕ್ಕ ಸರಿಹೋಗುತ್ತದೆ.

ಈ ಕೊಲ್ಲಿಯ ಸುತ್ತಮುತ್ತ ಗಾಡಿ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಇದನ್ನು ನಾನು ಅವನ ಎದುರು ಒಮ್ಮೆಯೂ ಹೇಳಿಲ್ಲ, ಹೇಳುವುದೂ ಇಲ್ಲ. ಹೊಗಳಿದರೆ ಮೈದುನಂದಿರು ಕೆಡುತ್ತಾರೆ. ಆದರೆ ಈ ಸಲದ ವಸಂತದಲ್ಲಿ ಒಂದು ಗಾಡಿ ಅವನನ್ನು ಸರಿಯಾಗಿ ಕುಣಿಸಿತು. ಅದು ಅವನ ಅಪ್ಪನ ಗಾಡಿ.

ಅಪ್ಪ ಎಂದರೆ ಇಪೀಲಿ. ಮೊಸೆಸಿಯ ತಂಗಿಯ ಮಗಳು, ಇಪ್ಪತ್ತು ದಾಟಿದ ಹುಡುಗಿ. ಅವಳು ಹುಟ್ಟುವ ಮುಂಚೆ ಮೊಸೆಸಿಯ ಅಪ್ಪ ತೀರಿಕೊಂಡಿದ್ದ, ಅವನ ಹೆಸರೂ ಇಪೀಲಿ. ಹೆಸರು ಮಗುವಿಗೆ ಬಂತು. ಹೆಸರು ಬಂದ ಮೇಲೆ ಹೆಸರಿನವನೂ ಮಗುವಿನೊಳಗೆ ಬಂದ. ನಮ್ಮಲ್ಲಿ ಇದರ ಬಗ್ಗೆ ಯಾರೂ ಚರ್ಚೆಗೆ ಕೂರುವುದಿಲ್ಲ. ಅವಳು ತಾಯಿಯ ಬೆನ್ನಮೇಲಿನ ಚೀಲದಲ್ಲಿ ಜೊಲ್ಲು ಸುರಿಸುತ್ತಿದ್ದ ಕಾಲದಿಂದಲೂ ಮೊಸೆಸಿ ಅವಳನ್ನು ಅಪ್ಪ ಎಂದೇ ಕರೆಯುತ್ತಾನೆ. ಅವಳು ಅವನನ್ನು ಮಗನೇ ಎನ್ನುತ್ತಾಳೆ. ಮೊಸೆಸಿಯ ತಾಯಿ ಊಲಯು, ಅಂದರೆ ಸತ್ತವನ ಹೆಂಡತಿ, ಮೊಮ್ಮಗಳನ್ನು ಕರೆಯುವುದು ಮುದುಕಾ ಎಂದು. ಗಂಡ ಎಂದ ಮೇಲೆ ಇನ್ನೇನೆಂದು ಕರೆಯಬೇಕು?

ಹೀಗಿರುವಾಗ ಅವಳಿಗೆ ಬುದ್ಧಿ ಹೇಳಿದವರು ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಯಾರು ಬುದ್ಧಿ ಹೇಳುತ್ತಾರೆ? ಅವಳು ಕೇಳಿದ್ದು ಕೊಟ್ಟರು, ಬೇಡವೆಂದದ್ದು ಬಿಟ್ಟರು. ಇಷ್ಟಾದರೂ ಹುಡುಗಿ ಕೆಡಲಿಲ್ಲ. ಕೈ ಚುರುಕು, ಗುರಿ ಚೆನ್ನಾಗಿದೆ, ಕಡಲಿನ ಸೀಲ್ ಪ್ರಾಣಿ ಬೇಟೆಯಾಡಿದರೆ ಮೊದಲ ಪಾಲು ನಾಲ್ಕು ಮನೆಗೆ ಹಂಚಿ ಬರುತ್ತಾಳೆ. ಅವಳನ್ನು ಕಂಡರೆ ನನಗೂ ಇಷ್ಟ. ಅದನ್ನೂ ಹೇಳಿಲ್ಲ.

ಚಳಿ ಸ್ವಲ್ಪ ಮುರಿಯುವ ಹೊತ್ತಿಗೆ ಅವಳು ಗಾಡಿ ತಂದು ಶೆಡ್ಡಿನೊಳಗೆ ನಿಲ್ಲಿಸಿದಳು. ಗಾಡಿ ಎಡಕ್ಕೆ ಎಳೆಯುತ್ತಿದೆ, ಹ್ಯಾಂಡಲ್ ನಡುಗುತ್ತಿದೆ, ದಿನವಿಡೀ ಬಲಕ್ಕೆ ಒತ್ತಿ ಹಿಡಿದು ತೋಳು ಸೋತುಹೋಗುತ್ತಿದೆ ಎಂದಳು. ಮೊಸೆಸಿ ತಲೆಯಾಡಿಸಿದ. ಮೂತಿಗೆ ಜಾಕ್ ಕೊಟ್ಟು ಎತ್ತಿ, ಹಿಮದ ಮೇಲೆ ಜಾರುವ ಮುಂದಿನ ಸ್ಕೀಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದ. ಬಲಗಡೆಯದು ಗಟ್ಟಿಯಾಗಿತ್ತು. ಎಡಗಡೆಯದು ಮುದುಕರ ಹಲ್ಲಿನಂತೆ ಲಟಪಟ ಆಡಿತು. ಕೀಲಿನ ಬುಷ್ ಸವೆದಿತ್ತು. ಬಗ್ಗಿ ನೋಡಿದರೆ ಸ್ಕೀ ಅಡಿಯ ಉಕ್ಕಿನ ಪಟ್ಟಿಯೂ ಎಡಗಡೆಯದೇ ತೆಳ್ಳಗಾಗಿತ್ತು. ಎರಡನ್ನೂ ಬದಲಾಯಿಸಿದ, ಕೊಲ್ಲಿಯ ಮಂಜುಗಡ್ಡೆಯ ಮೇಲೆ ತಾನೇ ಒಂದು ಸುತ್ತು ಹಾಕಿ ಬಂದ. ಗಾಡಿ ದಾರ ಹಿಡಿದ ಹಾಗೆ ನೇರ ಓಡಿತು.

ಕೆಲವು ದಿನಕ್ಕೆ ಗಾಡಿ ವಾಪಸು ಬಂತು. ಅದೇ ದೂರು.

ಈ ಸಲ ಹ್ಯಾಂಡಲಿನ ತಿರುವನ್ನು ಸ್ಕೀಗೆ ಮುಟ್ಟಿಸುವ ಟೈ ರಾಡಿನ ತುದಿಯ ಗುಂಡು ಸಡಿಲವಾಗಿತ್ತು, ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿಸುತ್ತಿತ್ತು. ಬದಲಾಯಿಸಿದ. ಮತ್ತೆ ನೇರ ಓಡಿತು, ಮತ್ತೆ ಬಂತು. ಹಿಂದಿನ ಸ್ಪ್ರಿಂಗುಗಳಲ್ಲಿ ಎಡಗಡೆಯದು ಕುಸಿದಿತ್ತು. ರಬ್ಬರ್ ಪಟ್ಟೆಯ ಒಳಗಿನ ಜಾರುಪಟ್ಟಿಗಳಲ್ಲೂ ಎಡಗಡೆಯದೇ ಯಾರೋ ತಿಂದು ತೇಗಿದ ಹಾಗೆ ಸವೆದಿತ್ತು. ವಿಮಾನದಲ್ಲಿ ಬರುವ ಸಾಮಾನು ಜೋಡಿಯಾಗಿ ಬರುತ್ತದೆ, ಎಡಕ್ಕೊಂದು ಬಲಕ್ಕೊಂದು. ಎಡದ್ದು ಮೊಸೆಸಿ ಒಯ್ಯುತ್ತಿದ್ದ, ಬಲದ್ದು ನನ್ನ ಕಪಾಟಿನಲ್ಲಿ ಪೇರಿಸಿಕೊಳ್ಳುತ್ತಾ ಹೋಯಿತು. ನಿಮ್ಮಪ್ಪನ ಗಾಡಿಗೆ ಬಲಗಡೆ ಅನ್ನುವುದೇ ಇಲ್ಲವೇನೋ ಎಂದು ಕೆಣಕಿದೆ. ಅವನು ಚಹಾ ಕುಡಿದು ಲೋಟ ಇಟ್ಟು ಹೋದ.

ಚೌಕಟ್ಟೇ ಬಾಗಿರಬಹುದೆಂದು ಅವನಿಗೆ ಅನುಮಾನ ಬಂತು. ಮೂತಿಯಿಂದ ಬಾಲದವರೆಗೆ ದಾರ ಕಟ್ಟಿ ಅಳೆದ, ಬಾಗಿರಲಿಲ್ಲ. ಸಾಮಾನೇ ಕಳಪೆಯೋ ಏನೋ ಎಂದು ಎಡಗಡೆಯ ಸ್ಪ್ರಿಂಗು, ಶಾಕು, ಗುಂಡು ಎಲ್ಲವನ್ನೂ ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಕಳಿಸಿದ. ಕೆಟ್ಟದ್ದು ಸಾಮಾನಾಗಿದ್ದರೆ ರೋಗವೂ ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಎಡಗಡೆಗೆ ಹೋದ ಒಳ್ಳೆಯ ಸಾಮಾನು ಅಲ್ಲಿ ಹೋಗಿ ಕೆಟ್ಟಿತು. ಅಂದು ಅವನು ಗಾಡಿಯ ಪಕ್ಕದ ಡಬ್ಬದ ಮೇಲೆ ಬಹಳ ಹೊತ್ತು ಕೂತಿದ್ದ. ಆಮೇಲೆ ಇಪೀಲಿಗೆ, ಅಪ್ಪ, ಒಂದು ಸುತ್ತು ನೀನೇ ಓಡಿಸು, ನಾನು ನೋಡ್ತೀನಿ ಎಂದ.

ಅವಳು ಹೊರಟಳು. ನಾನೂ ಬಾಗಿಲಿಗೆ ಬಂದು ನಿಂತೆ. ಅವಳು ಸೀಟಿನ ಮೇಲೆ ಬಲಮಂಡಿ ಊರಿ, ಎಡಗಾಲನ್ನು ಪಕ್ಕದ ಮೆಟ್ಟಿಲಲ್ಲಿ ನಿಲ್ಲಿಸಿ, ಮೈಭಾರವನ್ನೆಲ್ಲ ಆ ಒಂದು ಕಾಲಿನ ಮೇಲೆ ಬಿಟ್ಟು, ಕೊಲ್ಲಿಯ ಆಚೆ ದಡದವರೆಗೆ ಹೋಗಿ ಬಂದಳು. ಮಂಡಿಯೂರಿ ಓಡಿಸದವರು ನಮ್ಮಲ್ಲಿಲ್ಲ. ದೂರ ನೋಡುವುದಕ್ಕೆ ಹಾಗೆ ಎದ್ದು ನಿಲ್ಲುತ್ತಾರೆ, ಸ್ವಲ್ಪ ಹೊತ್ತಿಗೆ ಕೂರುತ್ತಾರೆ, ಮಂಡಿ ಬದಲಾಯಿಸುತ್ತಾರೆ. ಇಪೀಲಿ ಕೂರುವುದೇ ಇಲ್ಲ, ಮಂಡಿ ಬದಲಾಯಿಸುವುದೂ ಇಲ್ಲ. ಅವಳು ಮೊದಲಿಂದಲೂ ಹೀಗೇ. ಊರೆಲ್ಲ ನೋಡಿದೆ, ನಾನೂ ನೋಡಿದ್ದೇನೆ, ಆದರೆ ರೋಗ ಹುಡುಕುವ ಕಣ್ಣಿನಿಂದ ಯಾರೂ ನೋಡಿರಲಿಲ್ಲ.

"ಸಿಕ್ತಲ್ಲ ನಿನ್ನ ರೋಗ," ಎಂದೆ. ಮೊಸೆಸಿ ಶೆಡ್ಡಿನೊಳಕ್ಕೆ ತಿರುಗಿ ಹೋದ.

ಅವನು ಯಾಕೆ ತಿರುಗಿ ಹೋದ ಎನ್ನುವುದು ನನಗೆ ಗೊತ್ತು. ಆ ಭಂಗಿ ಅವನ ಸತ್ತ ಅಪ್ಪನದು. ಆ ಮುದುಕನ ಮೈಮೇಲೆ ಒಮ್ಮೆ ಗಾಡಿಯ ಹಿಂದೆ ಕಟ್ಟಿ ಎಳೆಯುವ, ಸಾಮಾನು ತುಂಬಿದ ಜಾರುಬಂಡಿ ಹರಿದು ಬಲಗಡೆಯ ಸೊಂಟ ಮುರಿದಿತ್ತು. ಕೂಡಿಕೊಂಡ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಲ್ಲಿಂದಾಚೆ ಅವನು ಗಾಡಿ ಓಡಿಸಿದ್ದೆಲ್ಲ ಬಲಮಂಡಿಯೂರಿ, ಎಡಗಾಲ ಮೇಲೆ ನಿಂತೇ. ದಿಗಂತದಲ್ಲಿ ಒಂದು ಚುಕ್ಕೆ ಕಂಡರೂ ಸಾಕು, ಆ ವಾಲಿದ ಭಂಗಿ ನೋಡಿ ಇಪೀಲಿ ಬಂದ ಎಂದು ಹೆಂಗಸರು ಕೆಟಲು ಒಲೆಗಿಡುತ್ತಿದ್ದರು.

ಮುದುಕ ಸತ್ತು, ಹುಡುಗಿ ಹುಟ್ಟಿ, ನಡೆಯಲು ಕಲಿತ ಮೇಲೆ, ಮನೆಯ ಮುಂದೆ ನಿಂತಿದ್ದ ಗಾಡಿಯ ಮೇಲೆ ಒಂದು ದಿನ ಹತ್ತಿ ಬಲಮಂಡಿ ಊರಿ ಹ್ಯಾಂಡಲ್ ಹಿಡಿದಳು. ಪುಟ್ಟ ಮಗು ಇನ್ನು ಹೇಗೆ ಹತ್ತುತ್ತದೆ, ಕಾಲು ಎಟಕುವುದಿಲ್ಲ. ಊಲಯು ನೋಡಿ ಅಲ್ಲೇ ಹಿಮದಲ್ಲಿ ಕೂತು ಅತ್ತಳು, ನಕ್ಕಳು, ಎಲ್ಲರನ್ನೂ ಕೂಗಿ ಕರೆದಳು. ಮೊಸೆಸಿ ಮಗುವಿಗೆ ಎಲ್ಲಕ್ಕಿಂತ ರುಚಿಯಾದ, ಮೀನಿನ ಕೆನ್ನೆಯ ಮಾಂಸ ಕಿತ್ತುಕೊಟ್ಟ. ಮಗು ಪೆದ್ದಲ್ಲ. ಮಾರನೆಯ ದಿನವೂ ಹಾಗೇ ಹತ್ತಿತು, ಅದರ ಮಾರನೆಯ ದಿನವೂ.

ಇದು ಇಷ್ಟಕ್ಕೇ ನಿಂತಿದ್ದರೆ ಬುಷ್ ಸವೆಯುತ್ತಿತ್ತು, ನನ್ನ ಕೌಂಟರಿಗೆ ವ್ಯಾಪಾರವಾಗುತ್ತಿತ್ತು, ಅಷ್ಟೇ. ಆದರೆ ಆ ವಾರವೇ ಊಲಯುಗೆ ಬೆಟ್ಟದಾಚೆಯ ಊರಿನಲ್ಲಿರುವ ತನ್ನ ತಂಗಿಯನ್ನು ನೋಡುವ ಆಸೆ ಬಂತು. ತಂಗಿ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂದಿತ್ತು. ಹೆಪ್ಪುಗಟ್ಟಿದ ಸಮುದ್ರದ ಮೇಲಿನ ದಾರಿ ಈ ವರ್ಷ ಆಗಲೇ ಬಿರುಕು ಬಿಟ್ಟಿತ್ತು. ಉಳಿದದ್ದು ಕಣಿವೆಯ ದಾರಿ. ಅಲ್ಲಿ ನೆತ್ತಿಗೆ ಹತ್ತುವ ಮುಂಚೆ ದಾರಿ ಬೆಟ್ಟದ ಓರೆಯಲ್ಲೇ ಬಹಳ ದೂರ ಹೋಗುತ್ತದೆ, ಎಡಗಡೆ ಇಳಿಜಾರು, ಇಳಿಜಾರಿನ ಕೆಳಗೆ ಬಂಡೆ. ಬಲಕ್ಕೆ ವಾಲಿಕೊಂಡು ಓಡಿಸದಿದ್ದರೆ ಗಾಡಿ ಉರುಳುತ್ತದೆ. ಹಿಂದೆ ಜಾರುಬಂಡಿ ಕಟ್ಟಿದ್ದರೆ ಅದು ಇನ್ನಷ್ಟು ಕೆಳಕ್ಕೆ ಜಗ್ಗುತ್ತದೆ. ಯಾರು ಕರೆದುಕೊಂಡು ಹೋಗುತ್ತಾರೆಂದು ಕೇಳಿದರೆ ಊಲಯು, ಯಾರು ಅಂದ್ರೆ, ನನ್ನ ಗಂಡ ಎಂದಳು. ಮಗ ಕರೆದೊಯ್ಯುತ್ತೇನೆಂದರೂ ಕೇಳಲಿಲ್ಲ. ಗಂಡ ಇರುವಾಗ ಮಗನ ಗಾಡಿ ಏಕೆ ಎಂದು ಅವಳ ವಾದ.

ನಾನು ಮೊಸೆಸಿಗೆ ಹೇಳಿಬಿಡು ಎಂದೆ. ಆ ಕಾಲಿನ ಮೇಲೆ ಭಾರ ಬಿಟ್ಟುಕೊಂಡು ಆ ಓರೆ ಹತ್ತಿದರೆ ಏನಾಗುತ್ತದೆಂದು ನಿನಗೆ ಗೊತ್ತಲ್ಲ ಎಂದೆ.

"ಏನಂತ ಹೇಳ್ಲಿ ಅತ್ತಿಗೆ? ಅಪ್ಪ, ನೀನು ಅಪ್ಪನ ಥರ ಓಡಿಸ್ಬೇಡ ಅಂತ್ಲಾ?"

ಹಾಗೇ ಹೇಳು, ಬಾಯಿಗೇನು ಬಂದಿದೆ ಎಂದೆ. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಇದ್ದ. ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ.

"ಮುಖ ಅಪ್ಪಂದಲ್ಲ. ದನಿ ಅಪ್ಪಂದಲ್ಲ. ಅದು ನಂಗೂ ಗೊತ್ತು. ಆದ್ರೆ ದೂರದಿಂದ ಗಾಡಿ ಮೇಲೆ ಬರ್ತಾ ಇರ್ತಾಳಲ್ಲ, ಆವಾಗ ಅಪ್ಪನೇ ಬರ್ತಾ ಇರ್ತಾನೆ. ಅವಳು ನೆಟ್ಟಗೆ ಕೂತ್ಕೊಂಡ್ರೆ ಆವತ್ತಿಂದ ಆ ಗಾಡಿ ಮೇಲೆ ನನ್ ತಂಗಿ ಮಗಳು ಬರ್ತಾಳೆ. ಅಷ್ಟೇ."

ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆಮೇಲೆ ಅವನು ಮಾಡಿದ ಕೆಲಸ ನಮ್ಮವರು ಮಾತ್ರ ಮಾಡಬಲ್ಲ ಮಂಗಾಟ. ಸವಾರಳನ್ನು ತಿದ್ದಲಾರದೆ ಗಾಡಿಯನ್ನೇ ಸೊಟ್ಟ ಮಾಡಿದ. ಎಡಗಡೆಯ ಸ್ಪ್ರಿಂಗ್ ಬಿಗಿ ಮಾಡಿದ, ಬಲಗಡೆಯದನ್ನು ಸಡಿಲಿಸಿದ, ಟೈ ರಾಡುಗಳನ್ನು ತಿರುಗಿಸಿ ಸ್ಕೀಗಳ ಮೂತಿಯನ್ನು ಒಂದಿಷ್ಟು ಬಲಕ್ಕೆ ಹೊರಳಿಸಿ ಬಿಗಿದ. ಇಪೀಲಿ ಮಂಡಿಯೂರಿ ಓಡಿಸಿದರೆ ಗಾಡಿ ನೇರ ಹೋಗುತ್ತಿತ್ತು. ಬೇರೆ ಯಾರಾದರೂ ನೆಟ್ಟಗೆ ಕೂತರೆ ಕುಡುಕನಂತೆ ಬಲಕ್ಕೆ ಹೋಗುತ್ತಿತ್ತು. ಹುಡುಗಿಗೆ ಖುಷಿಯೋ ಖುಷಿ, ನನ್ನ ಮಗನ ಕೈ ಕೈಯೇ ಎಂದು ಶೆಡ್ಡಿನಲ್ಲಿದ್ದವರಿಗೆಲ್ಲ ಹೇಳಿದಳು. ಮೊಸೆಸಿ ಆ ಹೊಗಳಿಕೆಗೆ ತಲೆ ತಗ್ಗಿಸಿದ. ಸಮತಟ್ಟಾದ ಮಂಜುಗಡ್ಡೆಯ ಮೇಲೆ ಇದು ನಡೆಯುತ್ತದೆ, ಓರೆಯಲ್ಲಿ ಸ್ಪ್ರಿಂಗು ಯಾರನ್ನೂ ಎತ್ತಿ ಬಲಕ್ಕೆ ಕೂರಿಸುವುದಿಲ್ಲ ಎನ್ನುವುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನೇ ಹೋಗಿ ಹುಡುಗಿಗೆ ಹೇಳಿಬಿಡಲೇ ಎಂದು ಯೋಚಿಸಿದೆ. ಆದರೆ ಅದು ಆ ಮನೆಯ ವಿಷಯ, ನಾನು ಸೊಸೆಯಾಗಿ ಬಂದವಳು. ಬಾಯಿ ಜೋರೆಂದು ಹೆಸರಿದ್ದವರಿಗೂ ಒಂದು ಎಲ್ಲೆ ಇರುತ್ತದೆ.

ಹೊರಡುವ ದಿನ ಬೆಳಗ್ಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ದಡದಲ್ಲಿ ಜಾರುಬಂಡಿ ಕಟ್ಟಿ ಸಿದ್ಧವಾಗಿತ್ತು. ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಚರ್ಮ ಹಾಸಿ ಊಲಯು ಕೂತಿದ್ದಳು. ಮಡಿಲಲ್ಲಿ ತಂಗಿಗೆಂದು ಒಣಗಿಸಿದ ಮೀನು, ಬೆಳಗ್ಗೆ ಸುಟ್ಟ ಬ್ಯಾನಕ್ ರೊಟ್ಟಿ. ಕಳಿಸಿಕೊಡಲು ಏಳೆಂಟು ಜನ ಬಂದಿದ್ದರು. ಇಪೀಲಿ ಎಂಜಿನ್ ಚಾಲೂ ಮಾಡಿ ಸೀಟಿನ ಮೇಲೆ ಬಲಮಂಡಿ ಊರಿದಳು.

ಮೊಸೆಸಿ ಜನರ ನಡುವಿನಿಂದ ಬಂದು ಎಂಜಿನ್ ಆರಿಸಿದ. ಅವಳ ಕೈಯನ್ನು ಸರಿಸಿ ತಾನೇ ಕೀಲಿ ತಿರುಗಿಸಿದ. ಅವನು ಅಪ್ಪನ ಕೈ ತಳ್ಳಿದ್ದು ಅದೇ ಮೊದಲು ಇರಬೇಕು. ಅವನು ಹಿಮದಲ್ಲಿ ಮಂಡಿಯೂರಿ, ಜೇಬಿನಿಂದ ಸ್ಪ್ಯಾನರ್ ತೆಗೆದು ಟೈ ರಾಡುಗಳ ನಟ್ಟು ಸಡಿಲಿಸತೊಡಗಿದ. ಯಾಕೆ ಮಗನೇ, ಸರಿಯಾಗೇ ಇತ್ತಲ್ಲ ಎಂದು ಇಪೀಲಿ ಕೇಳಿದಳು. ಎರಡೂ ಸ್ಕೀಗಳನ್ನು ನೇರಕ್ಕೆ ತಂದು ನಟ್ಟು ಬಿಗಿದ. ಸ್ಪ್ರಿಂಗುಗಳನ್ನು ಮೊದಲಿದ್ದ ಹಾಗೆ ಸಮ ಮಾಡಿದ. ಆಮೇಲೆ ಎದ್ದು ಹುಡುಗಿಯನ್ನು ನೋಡದೆ ಜಾರುಬಂಡಿಯ ಹತ್ತಿರ ಹೋದ.

"ಅಮ್ಮ, ಅಪ್ಪ ಓಡಿಸೋ ರೀತಿ ಈ ದಾರಿಗೆ ಆಗಲ್ಲ. ಓರೇಲಿ ಉರುಳ್ತೀರ ಇಬ್ಬರೂ. ಅವನಿಗೆ ನಾನು ಹೇಳೋ ಹಾಗಿಲ್ಲ. ನೀನು ಹೇಳ್ಬೋದು."

ನಾನು ಆ ಗಳಿಗೆಯಲ್ಲಿ ಅವನ ಮುಖ ನೋಡಿದೆ. ಹೆಣವನ್ನು ಗುಂಡಿಗೆ ಇಳಿಸುವಾಗ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದ. ನನಗೆ ಅಯ್ಯೋ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು.

ಊಲಯು ಮಗನನ್ನು ನೋಡಿದಳು, ಗಾಡಿ ನೋಡಿದಳು, ಗಾಡಿಯ ಮೇಲೆ ಮಂಡಿಯೂರಿದವಳನ್ನು ನೋಡಿದಳು. ಮೀನಿನ ಗಂಟನ್ನು ಪಕ್ಕಕ್ಕಿಟ್ಟು ಪೆಟ್ಟಿಗೆಯಿಂದ ಇಳಿದಳು. ಇಳಿಯುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು, ಯಾರೂ ಕೈ ಕೊಡಲು ಹೋಗಲಿಲ್ಲ. ಗಾಡಿಯ ಹತ್ತಿರ ಹೋಗಿ ಇಪೀಲಿಯ ಊರಿದ ಮಂಡಿಯ ಮೇಲೆ ಕೈಗವಸಿನಿಂದ ಒಂದು ಪೆಟ್ಟು ಕೊಟ್ಟಳು.

"ಏ ಮುದುಕ. ಕೂತ್ಕೋ."

ಹುಡುಗಿಯ ಮುಖ ಇಳಿದುಹೋಯಿತು. ಅವಳು ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಹಿಂಗೇ ಅಲ್ವಾ ಓಡ್ಸೋದು, ಮುದುಕಿ? ನಿಂಗಿಷ್ಟ ಅಂತ್ಲೇ ಅಲ್ವಾ?" ಎಂದಳು.

"ನಂಗಿಷ್ಟ, ಹೌದು. ನಿನ್ ನೋಡಿ ನಾನು ನಕ್ಕೆ, ಇವ್ರೂ ನಕ್ರು. ನಮ್ದು ತಪ್ಪು." ಊಲಯು ಉಸಿರು ತೆಗೆದುಕೊಂಡಳು. "ಸೊಂಟ ಮುರಿದ್ಮೇಲೆ ನೀನು ಒಂದು ದಿನ ಕೂತ್ಕೊಂಡ್ಯಾ? ಊಟಕ್ಕೂ ನಿಂತೇ ಇರ್ತಿದ್ದೆ. ಬೇಟೆಯಿಂದ ಬಂದು ಗೋಡೆ ಹಿಡ್ಕೊಂಡು ಹಲ್ಲು ಕಚ್ತಿದ್ದೆ. ಇವ್ರಿಗೆ ಹೇಳ್ಬೇಡ ಅಂತ ನನ್ ಹತ್ರ ಮಾತು ತಗೊಂಡಿದ್ದೆ. ಇವ್ರು ಅದನ್ನೇ ನಿನ್ ಗತ್ತು ಅಂದ್ಕೊಂಡ್ರು. ಸಾಯೋ ಮುಂಚೆ ಏನಂದೆ ಗೊತ್ತಾ? ಒಂದ್ಸಲ ಗಾಡಿ ಮೇಲೆ ಎರಡೂ ಕಾಲು ಇಳಿಬಿಟ್ಟು ಕೂತ್ಕೋಬೇಕು ಅಂದೆ."

ಮೊಸೆಸಿ ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

"ಈಗ ಹೊಸ ಸೊಂಟ ತಗೊಂಡು ಬಂದಿದ್ದೀಯ," ಎಂದಳು ಊಲಯು. "ಒಳ್ಳೇ ಸೊಂಟ. ನಾನೇ ಎಣ್ಣೆ ಹಚ್ಚಿ ನೀವಿದ್ದೀನಿ. ಕೂತ್ಕೋ."

ಇಪೀಲಿ ಮಂಡಿ ತೆಗೆದಳು. ಅವಳ ಪ್ಯಾಂಟಿನ ಬಲಮಂಡಿಯಲ್ಲಿ ತೇಪೆಯ ಮೇಲೆ ತೇಪೆ ಹಾಕಿದ್ದನ್ನು ನಾನು ಆಗ ಗಮನಿಸಿದೆ. ಬಲಗಾಲನ್ನು ಆಚೆಗೆ ಹಾಕಿ, ಸೀಟಿನ ಮೇಲೆ ಪೂರ್ತಿ ಕೂತು, ಎರಡೂ ಪಾದ ಎರಡು ಕಡೆಯ ಮೆಟ್ಟಿಲಲ್ಲಿ ಇಟ್ಟಳು. ಅಭ್ಯಾಸವಿಲ್ಲದೆ ಸ್ವಲ್ಪ ಹೊಯ್ದಾಡಿದಳು. ಬಲಕ್ಕೆ ವಾಲಿ ನೋಡಿದಳು, ಎಡಕ್ಕೆ ವಾಲಿ ನೋಡಿದಳು. ಮಂಡಿ ನೋವು ಹೋಯ್ತು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡಳು. ಊಲಯು, ಇಷ್ಟು ದಿನ ಬಾಯಿಲ್ವಾ ನಿಂಗೆ ಎಂದು ಗೊಣಗಿ, ಹೋಗಿ ಪೆಟ್ಟಿಗೆ ಹತ್ತಿ ಚರ್ಮ ಹೊದ್ದುಕೊಂಡಳು. ಅವರು ಹೊರಟರು.

ಜನ ಚದುರಿದರು. ಮೊಸೆಸಿ ಅಲ್ಲೇ ನಿಂತಿದ್ದ, ನಾನೂ ನಿಂತೆ. ಶೆಡ್ಡಿನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಕುದಿಯಲಿ ಎಂದು ಬಿಟ್ಟೆ. ಗಾಡಿ ಕೊಲ್ಲಿಯನ್ನು ದಾಟಿ ಚಿಕ್ಕದಾಗುತ್ತಾ ಹೋಯಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನೇರ ಹೋಯಿತು. ಆಚೆ ದಡ ಹತ್ತಿ ಓರೆಯ ದಾರಿಗೆ ಬಿದ್ದಾಗ ಗಾಡಿಯ ಮೇಲಿನ ಕಪ್ಪು ಚುಕ್ಕೆ ಬೆಟ್ಟದ ಕಡೆಗೆ ವಾಲಿತು. ಹಿಂದಿನ ಜಾರುಬಂಡಿ ಒಮ್ಮೆ ಕೆಳಕ್ಕೆ ಜಗ್ಗಿತು. ಚುಕ್ಕೆ ಇನ್ನಷ್ಟು ವಾಲಿತು, ಗಾಡಿ ದಾರಿ ಬಿಡಲಿಲ್ಲ. ಅಷ್ಟು ದೂರದಿಂದ ನೋಡಿದರೆ ಅದು ಯಾರೆಂದು ಹೇಳುವಂತಿರಲಿಲ್ಲ. ಮೊಸೆಸಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದ. ಅವನ ಕೆನ್ನೆ ಒದ್ದೆಯಾಗಿತ್ತು, ಬಿಸಿಲಿಗೆ ಎಂದು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಅಪ್ಪ ಕೂತ್ಕೊಂಡಿದ್ದಾನೆ ನೋಡು ಅತ್ತಿಗೆ," ಎಂದ.

ನಾನು ನೋಡಿದೆ. ಹೌದು, ಕೂತಿದ್ದ.